ಬೇಲಿಯಾಚೆ ನಿಂತು ಹಂದಿ ನೋಡಿದ ಡಾಕ್ಟರು

ಹಂದಿಗೆ ಜ್ವರ ನೋಡುವುದು ಹೇಗೆಂದು ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ಹಂದಿ ಒಪ್ಪದಿದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಡಾಕ್ಟರೇ ಹಂದಿಯನ್ನು ಮುಟ್ಟಲು ಒಪ್ಪದಿದ್ದರೆ ಏನಾಗುತ್ತದೆ ಎಂಬುದಂತೂ ಯಾವ ಪುಸ್ತಕದಲ್ಲೂ ಇರಲಿಲ್ಲ. ಪಶುವೈದ್ಯ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಮಕ್ಕಳೇ, ಅದೊಂದನ್ನು ನಿಮಗೆ ಹೇಳಿಬಿಡಬೇಕೆಂದು ಈ ಮುದುಕ ಪೆನ್ನು ಹಿಡಿದಿದ್ದಾನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ?

ನಾನು ಬಯಲುಸೀಮೆಯವನು. ಚಿತ್ರದುರ್ಗದ ಕಡೆಯ, ಮೊಟ್ಟೆಯನ್ನೂ ಒಳಗೆ ತರದ ಮನೆ. ಎಪ್ಪತ್ತರ ದಶಕದ ಶುರುವಿನಲ್ಲಿ ಸಾಗರಕ್ಕೆ ಬಂದೆ, ಆಮೇಲೆ ಹೊಸನಗರ, ಕೊನೆಗೆ ತೀರ್ಥಹಳ್ಳಿ. ಮೂರು ತಾಲ್ಲೂಕು ಸುತ್ತುವಷ್ಟರಲ್ಲಿ ಎಂಬತ್ತರ ದಶಕವೂ ಮುಗಿಯುತ್ತ ಬಂದಿತ್ತು. ಜನರ ಬಾಯಲ್ಲಿ ನಮ್ಮದು ದನದ ಆಸ್ಪತ್ರೆ, ನಾನು ದನದ ಡಾಕ್ಟ್ರು. ಅಲ್ಲಿ ದನಕ್ಕೆ ಮೊದಲ ಮಣೆ, ಎಮ್ಮೆಗೆ ಎರಡನೆಯದು, ನಾಯಿ, ಆಡುಗಳಿಗೆ ಮಿಕ್ಕಿದ್ದು. ಹಂದಿಗೆ ಮಣೆಯೇ ಇರಲಿಲ್ಲ.

ನೀವು ಈಗ ಒಂದು ಸಲ ಚುಚ್ಚಿ ಬಿಸಾಡುವ ಸಿರಿಂಜು ನಮಗೆ ಕನಸಿನಲ್ಲೂ ಸಿಗುತ್ತಿರಲಿಲ್ಲ. ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟೌ ಮೇಲೆ ಕುದಿಸಬೇಕು, ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡಬೇಕು. ಲಸಿಕೆಯನ್ನು ಫ್ಲಾಸ್ಕಿನಲ್ಲಿ ಐಸಿನ ಜೊತೆ ತುಂಬಿ, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯಬೇಕು. ಒಮ್ಮೆ ಹಿನ್ನೀರಿನಾಚೆಯ ತುಮರಿಗೆ ಹೋಗುವಾಗ ಲಾಂಚು ಕೆಟ್ಟು ಈಚೆ ದಡದಲ್ಲೇ ಅರ್ಧ ದಿನ ಕೂತೆವು. ಮುಚ್ಚಳ ತೆಗೆದು ನೋಡಿದರೆ ಐಸೆಲ್ಲ ನೀರು. ನಮ್ಮ ಅಟೆಂಡರ್ ತಿಮ್ಮಪ್ಪ ಇಣುಕಿ, 'ಇನ್ನೆಂತ ಸಾರ್, ಒಂದು ನಿಂಬೆಹಣ್ಣು ಹಿಂಡಿದ್ರೆ ಶರಬತ್ತಾಯ್ತು' ಅಂದ. ನನಗೆ ಮೈಯೆಲ್ಲ ಉರಿದು ಅವನ ಮೇಲೆ ರೇಗಿದೆ. ಲಸಿಕೆ ಹಾಳಾದದ್ದಕ್ಕೆ ಅವನೇನು ಮಾಡಿಯಾನು, ಪಾಪ.

ತಿಮ್ಮಪ್ಪ ಸಾಗರದ ಕಡೆಯವನೇ. ನಾನು ಹೊಸನಗರಕ್ಕೆ ಹೋದಾಗ ಅವನಿಗೂ ಅಲ್ಲಿಗೇ ವರ್ಗವಾಯಿತು. ಹೋರಿಯ ಕೊಂಬಿಗೂ ಹೆದರದವನು, ಹಂದಿಯ ಹಿಂಗಾಲು ಹಿಡಿದನೆಂದರೆ ಅದು ಅಲುಗುವ ಹಾಗಿರಲಿಲ್ಲ. ಅವನಿದ್ದದ್ದರಿಂದಲೇ ನನ್ನ ಕೆಟ್ಟ ಅಭ್ಯಾಸವೂ ಬೆಳೆಯಿತು. ಅದರ ಮೂಲ ಹೇಳುತ್ತೇನೆ.

ಸಾಗರಕ್ಕೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಪೇಟೆಯಂಚಿನ ಒಂದು ಮನೆಯಲ್ಲಿ ಹಂದಿ ನೋಡಿದೆ. ಅಲ್ಲಿಂದ ನೇರ ಒಬ್ಬ ತೋಟದ ಯಜಮಾನರ ಮನೆಗೆ ಹೋದೆ, ಅವರ ಹಸುವಿಗೆ ಕೆಚ್ಚಲು ಬಾವು. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಯಜಮಾನರು ಅಂಗಳದಲ್ಲೇ ಅಡ್ಡ ನಿಂತರು. 'ಬೇಜಾರು ಮಾಡ್ಕ್ಯಳಡಿ ಡಾಕ್ಟ್ರೇ. ಹಂದಿ ಮುಟ್ಟಿದ ಕೈಲಿ ಎಂಗಳ ಕೊಟ್ಟಿಗೆಗೆ ಬಪ್ಪದು ಬ್ಯಾಡ.' ಬೈಗುಳವೇನಲ್ಲ, ಬಹಳ ಮರ್ಯಾದೆಯಿಂದಲೇ ಹೇಳಿದರು. ಕಾಫಿಯನ್ನೂ ಕೊಟ್ಟರು, ಜಗಲಿಯ ಕೆಳಗೆ. ಹಸುವಿನ ಬಾವು ಮಾತ್ರ ಹಾಗೇ ಉಳಿಯಿತು.

ಅಂದಿನಿಂದ ನಾನೊಂದು ಉಪಾಯ ಮಾಡಿಕೊಂಡೆ. ಹಂದಿಯಿರುವ ಕಡೆ ಬೇಲಿಯ ಆಚೆ ನಿಲ್ಲುವುದು. ತಿಮ್ಮಪ್ಪ ಒಳಗೆ ಹೋಗಿ ಥರ್ಮಾಮೀಟರ್ ಇಡುವುದು, ಓದಿ ಹೇಳುವುದು, ನಾನು ಕೋಲು ತೋರಿಸಿ 'ಅಲ್ಲಿ ಚುಚ್ಚು, ಇಲ್ಲಿ ಚುಚ್ಚು' ಅನ್ನುವುದು. ಯಾರಾದರೂ ಕೇಳಿದರೆ 'ನಾನು ಮುಟ್ಟಿಲ್ಲ' ಎಂದು ಎದೆ ತಟ್ಟಿ ಹೇಳಬಹುದಿತ್ತು. ತೋಟದವರಿಗೆ ಸಮಾಧಾನ, ಮನೆಯಲ್ಲಿ ನಮ್ಮಮ್ಮನಿಗೂ ಸಮಾಧಾನ. ನಿಜ ಹೇಳಬೇಕೆಂದರೆ ನನಗೂ ಸಮಾಧಾನವೇ. ಹೇಸಿಗೆಗೆ ಒಂದು ಒಳ್ಳೆಯ ನೆಪ ಸಿಕ್ಕಿತ್ತು.

ಈಗ ಸಿಸಿಲಿ ಬಾಯಿಯ ವಿಷಯ. ಹೊಸನಗರದಿಂದ ಹುಂಚದ ಬಸ್ಸು ಹಿಡಿದು, ನಡುವೆ ಇಳಿದು ಒಂದು ಮೈಲಿ ನಡೆದರೆ ಅವರ ಮನೆ. ಘಟ್ಟದ ಕೆಳಗಿಂದ ಬಂದ ಕೊಂಕಣಿ ಕ್ರಿಶ್ಚಿಯನ್ನರು. ಅವರಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಅನ್ನುತ್ತಾರೆ. ಗಂಡ ಚಿರೇಕಲ್ಲು ಕಡಿಯುವವನಾಗಿದ್ದ, ಕಲ್ಲಿನ ಗುಂಡಿಯಲ್ಲೇ ಮಣ್ಣು ಕುಸಿದು ಸತ್ತ. ಉಳಿದದ್ದು ಇಬ್ಬರು ಹೆಣ್ಣುಮಕ್ಕಳು ಮತ್ತು ಮಸಿ ಎಂಬ ಒಂದು ಹೆಣ್ಣುಹಂದಿ. ಹೆಸರಿಗೆ ತಕ್ಕ ಬಣ್ಣ, ಇದ್ದಿಲಿನಂಥ ಕಪ್ಪು. ಆ ಮನೆಯ ಅಕ್ಕಿ, ಮಕ್ಕಳ ಶಾಲೆ, ಹಬ್ಬದ ಬಟ್ಟೆ ಎಲ್ಲ ಮಸಿಯ ಮರಿಗಳಿಂದಲೇ. ಬಾಯಿ ಹೆಣ್ಣುಮರಿಗಳನ್ನು ದೂರದ ನೆಂಟರಿಗೆ ಪಾಲಿಗೆ ಕೊಡುತ್ತಿದ್ದರು. ಅಂದರೆ ಅವರು ಸಾಕಬೇಕು, ಈದಾಗ ಮರಿಗಳು ಅರ್ಧರ್ಧ. ಹೀಗೆ ಮಸಿಯ ಸಂತಾನ ಸಾಗರದಿಂದ ಆಗುಂಬೆಯವರೆಗೆ ಹರಡಿತ್ತು.

ಅದೊಂದು ಬೇಸಿಗೆಯ ಕೊನೆ. ಬಾಯಿ ಆಸ್ಪತ್ರೆಗೆ ಓಡಿ ಬಂದರು. ಮಸಿಯ ಆರು ಮರಿಗಳಲ್ಲಿ ಎರಡು ಹಿಂದಿನ ದಿನ ಚೆನ್ನಾಗಿ ತಿಂದಿದ್ದವು, ಬೆಳಿಗ್ಗೆ ಸತ್ತುಬಿದ್ದಿದ್ದವು. ಉಳಿದ ನಾಲ್ಕೂ ಮಂಕು. ಮಸಿಯೂ ಎರಡು ದಿನದಿಂದ ಸರಿಯಿಲ್ಲ, ಆದರೆ ನಿಂತಿದೆ. ತಿಮ್ಮಪ್ಪನನ್ನು ಕರೆದುಕೊಂಡು ಹೋದೆ. ಗೂಡಿನೊಳಗೆ ಅರೆಗತ್ತಲು. ನಾನು ಎಂದಿನಂತೆ ಬೇಲಿಯಾಚೆ. ತಿಮ್ಮಪ್ಪ ಮಸಿಯ ಹಿಂದೆ, ಮರಿಗಳ ಹಿಂದೆ ಥರ್ಮಾಮೀಟರ್ ಇಟ್ಟು ಕೂಗಿದ. ಎಲ್ಲಕ್ಕೂ ಕೆಂಡದಂಥ ಜ್ವರ. ಒಂದು ಮರಿ ಕಾಲು ಎಳೆಯುತ್ತಿತ್ತು.

'ಬೆನ್ನ ಮೇಲೆ ಎಂತದೋ ಗಂಟು ಗಂಟು ಸಿಗ್ತದೆ ಡಾಕ್ಟ್ರೆ' ಅಂದರು ಬಾಯಿ. ಅವರು ದಿನಾ ಹಂದಿಗಳ ಮೈ ತಿಕ್ಕುವವರು. 'ಕಣ್ಣಿಗೆ ಕಾಣೂದಿಲ್ಲ. ಒಮ್ಮೆ ಕೈ ಆಡಿಸಿ ನೋಡಿ.'

'ಸೊಳ್ಳೆ ಕಚ್ಚಿರುತ್ತೆ ಬಾಯಿ' ಅಂದೆ.

ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ನೋಡಿ! ಇದು ಹಂದಿಜ್ವರ ಎಂದು ತೀರ್ಮಾನಿಸಿದೆ. ಅದು ಹಂದಿಗಳಿಗಷ್ಟೇ ಬರುವ ವೈರಸ್ಸಿನ ಕಾಯಿಲೆ, ಬಂದ ಮೇಲೆ ಮದ್ದಿಲ್ಲ. ಪಾಲಿಗೆ ಕೊಟ್ಟ ಹಂದಿಗಳು ಆಚೀಚೆ ಓಡಾಡುವ ಊರು, ಒಂದು ಗೂಡಿನಿಂದ ಹತ್ತು ಗೂಡಿಗೆ ಹಬ್ಬುತ್ತದೆ. 'ಉಳಿದವನ್ನೂ ಕೊಂದು ಸುಣ್ಣ ಹಾಕಿ ಹೂಳಬೇಕು. ಮಸಿಯನ್ನೂ' ಅಂದೆ. ಬಾಯಿ ಬೇಲಿಯ ಗೂಟ ಹಿಡಿದು ಅಲ್ಲೇ ಕುಕ್ಕರಿಸಿದರು. ಬೇರೆಯವರ ಹಂದಿಗಳ ಜೀವದ ಪ್ರಶ್ನೆ ಎಂದು ನಾನು ಇನ್ನೂ ಏನೇನೋ ಹೇಳಿದೆ. ಹೇಳಿದ್ದೆಲ್ಲ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು, ರೋಗವೊಂದನ್ನು ಬಿಟ್ಟು.

ಮರುದಿನ ಮಧ್ಯಾಹ್ನ, ಸರಿಯಾಗಿ ಹೂತಿದ್ದಾರೋ ಇಲ್ಲವೋ ನೋಡಲು ಒಬ್ಬನೇ ಹೋದೆ. ತಿಮ್ಮಪ್ಪನಿಗೆ ಅಂದು ರಜೆ. ಬಾಯಿಯ ಮೈದುನ ಲಾದ್ರು ಬೆಳಿಗ್ಗೆಯೇ ಬಂದು ನಾಲ್ಕೂ ಮರಿ ಮುಗಿಸಿದ್ದ. ಹಲಸಿನ ಮರದ ಬುಡದಲ್ಲಿ ಸುಣ್ಣ ಚೆಲ್ಲಿದ ಹೊಸ ಮಣ್ಣು. ಆದರೆ ಮಸಿ ಗೂಡಿನಲ್ಲೇ ಇತ್ತು. ಲಾದ್ರು ತಲೆ ಕೆರೆದುಕೊಂಡು, 'ಅತ್ತಿಗೆ ಬಿಡೂದಿಲ್ಲ ಡಾಕ್ಟ್ರೆ, ನಾನೆಂತ ಮಾಡ್ಲಿ?' ಅಂದ.

'ಬಾಯಿ, ನಾನು ನಿನ್ನೆ ಹೇಳಿದ್ದೇನು?' ಎಂದು ಗದರಿದೆ.

ಬಾಯಿ ಗೂಡಿನ ಬಾಗಿಲು ತೆರೆದು ಪಕ್ಕಕ್ಕೆ ನಿಂತರು. ಅಳು ಇರಲಿಲ್ಲ. 'ನೀವು ಹೇಳಿದ್ರಿ, ಮರಿಗಳನ್ನ ಕೊಟ್ಟೆ. ಇದನ್ನ ಕೊಲ್ಲೂಕೆ ನನ್ನ ಮನೆಯವ್ರು ಯಾರೂ ಬರೂದಿಲ್ಲ. ನಿಮಗೆ ಬೇಕಾದ್ರೆ ನೀವೇ ಒಳಗೆ ಬಂದು ಮುಟ್ಟಿ ಕೊಲ್ಲಿ.'

ಲಾದ್ರು ನೋಡುತ್ತಿದ್ದಾನೆ, ಹೆಣ್ಣುಮಕ್ಕಳಿಬ್ಬರು ಬಾಗಿಲಲ್ಲಿ ನಿಂತಿದ್ದಾರೆ. ಬೇರೆ ದಾರಿ ಇರಲಿಲ್ಲ. ಪ್ಯಾಂಟು ಮಡಚಿ ಒಳಗೆ ಕಾಲಿಟ್ಟೆ. ಪ್ರಾಣಿಯನ್ನು ಶಾಶ್ವತ ನಿದ್ದೆಗೆ ಕಳಿಸುವ ಮದ್ದನ್ನು ಹಂದಿಯ ಕಿವಿಯ ನರಕ್ಕೆ ಕೊಡಬೇಕು. ಅದಕ್ಕೆ ಎಡಗೈಯನ್ನು ಅದರ ಬೆನ್ನಿಗೆ ಊರಿ ಬಗ್ಗಬೇಕು. ಬಾಯಿ ಮುಂದೆ ಕೂತು ಮಸಿಯ ಮೂತಿ ಹಿಡಿದುಕೊಂಡು ಕೊಂಕಣಿಯಲ್ಲಿ ಏನೋ ಮೆಲ್ಲಗೆ ಹೇಳುತ್ತಿದ್ದರು. ನಾನು ಕೈ ಊರಿದೆ.

ಅಂಗೈಗೆ ಶಂಕರಪೋಳಿ ಸಿಕ್ಕಿತು. ತಮಾಷೆಯಲ್ಲ, ನಿಜವಾಗಿ ಹಾಗೇ ಅನ್ನಿಸಿತು. ಹಬ್ಬಕ್ಕೆ ಅಮ್ಮ ಕತ್ತರಿಸುತ್ತಿದ್ದ ಅದೇ ಆಕಾರ, ನಾಲ್ಕು ಮೂಲೆ, ಚರ್ಮದಿಂದ ತುಸು ಉಬ್ಬಿ ನಿಂತ ಬಿಸಿ ಬಿಲ್ಲೆಗಳು. ಒಂದಲ್ಲ, ಬೆನ್ನ ತುಂಬ. ಬಿಳಿ ಹಂದಿಯಾದರೆ ಕೆಂಪಗೆ ದೂರದಿಂದಲೇ ಕಾಣುತ್ತವೆ, ಪುಸ್ತಕದ ಚಿತ್ರದಲ್ಲಿ ನಾನು ನೋಡಿದ್ದೂ ಬಿಳಿ ಹಂದಿಯನ್ನೇ. ಕರಿಹಂದಿಯಲ್ಲಿ ಕೈಗೆ ಮಾತ್ರ ಕಾಣುತ್ತವೆ. ಇದು ಹಂದಿಜ್ವರವಲ್ಲ, ಬ್ಯಾಕ್ಟೀರಿಯಾದಿಂದ ಬರುವ ಬೇರೆಯೇ ಬೇನೆ. ಮಣ್ಣಲ್ಲಿರುವ ಕ್ರಿಮಿ ರಕ್ತಕ್ಕೆ ಸೇರಿ ಬರುವಂಥದ್ದು. ಅದಕ್ಕೆ ಪೆನಿಸಿಲಿನ್ ರಾಮಬಾಣ. ಆ ಪೆನಿಸಿಲಿನ್ ನಿನ್ನೆಯೂ ನನ್ನ ಚೀಲದಲ್ಲಿತ್ತು.

ಎಷ್ಟು ಹೊತ್ತು ಹಾಗೇ ಕೈ ಇಟ್ಟುಕೊಂಡಿದ್ದೆನೋ ಗೊತ್ತಿಲ್ಲ. ಕೊನೆಗೆ, 'ಬಾಯಿ, ಚೀಲದಿಂದ ಇನ್ನೊಂದು ಬಾಟ್ಲಿ ಕೊಡಿ' ಅಂದೆ.

'ಅದೆಂತ ಮದ್ದು?'

'ಇದು ಬದುಕುತ್ತೆ. ಇದಕ್ಕೆ... ಇದಕ್ಕೆ ಬೇರೆ ಕಾಯಿಲೆ. ಮರಿಗಳದ್ದು ಬೇರೆ.'

ಸುಳ್ಳು ಹೇಳಿದೆ, ಮಕ್ಕಳೇ. ಬಾಯಿ ಒಮ್ಮೆ ಹಲಸಿನ ಮರದ ಬುಡದ ಕಡೆ ನೋಡಿದರು, ಒಮ್ಮೆ ನನ್ನ ಕಡೆ. ಆಮೇಲೆ ಬಾಟ್ಲಿ ತಂದು ಕೊಟ್ಟರು. ಚುಚ್ಚುವ ಮೊದಲು ಜ್ವರ ನೋಡಿದೆ. ಆಗಲೇ ಇಳಿಯುತ್ತ ಬಂದಿತ್ತು. ಯಾವ ಮದ್ದೂ ಇಲ್ಲದೆ ಆ ಕರಿ ಜೀವ ಮೂರು ದಿನ ಒಳಗೊಳಗೇ ಹೋರಾಡಿ ಮುಕ್ಕಾಲು ಗೆದ್ದಿತ್ತು. ನಾನು ಕೊಲ್ಲಲು ಬಂದದ್ದು ಅಂಥದ್ದನ್ನು.

ಆ ವಾರ ದಿನ ಬಿಟ್ಟು ದಿನ ಹೋಗಿ ಮದ್ದು ಕೊಟ್ಟೆ. ಮೂರನೆಯ ಸಲ ಹೋಗುವಷ್ಟರಲ್ಲಿ ನನ್ನ ಎಡಗೈಯ ತೋರುಬೆರಳು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಸಣ್ಣ ಗಾಯವಿರುವ ಕೈಯಿಂದ ಇಂಥ ಹಂದಿಯನ್ನು ಮುಟ್ಟಿದರೆ ಅದೇ ಕ್ರಿಮಿ ಮನುಷ್ಯರ ಬೆರಳಿಗೂ ಬರುತ್ತದೆ. ಬಟ್ಟೆ ಸುತ್ತಿಕೊಂಡು, ಬಾಗಿಲ ಸಂದಿಗೆ ಸಿಕ್ಕಿತು ಅಂದೆ. ಬಾಯಿ ಅಂದು ಕಪ್ಪು ಕಾಫಿ ತಂದುಕೊಟ್ಟರು, ಎಡಗೈಯಲ್ಲಿ. ಬಲಗೈ ಸೆರಗಿನೊಳಗಿತ್ತು. ಎಡಗೈಯಲ್ಲಿ ಕೊಡುತ್ತಾರಲ್ಲ, ಸಿಟ್ಟಿರಬೇಕು ಅಂದುಕೊಂಡೆ. ಸಿಟ್ಟಿಗೆ ಕಾರಣವೂ ಇತ್ತಲ್ಲ, ಸುಮ್ಮನೆ ಕುಡಿದೆ.

ಮೇಲಿನ ಸಾಹೇಬರಿಗೆ ವರದಿ ಕಳಿಸಬೇಕಿತ್ತು. ಕೆಟ್ಟ ಮನುಷ್ಯರಲ್ಲ, ಅವರ ಪ್ರಪಂಚವೆಲ್ಲ ಫಾರಂ ಒಳಗಿತ್ತು, ಅಷ್ಟೆ. ನಾನು ಧೈರ್ಯ ಮಾಡಿ ಎದುರು ನಿಂತು ನಿಜ ಹೇಳಿದೆ. 'ಸಾರ್, ನಾನು ತಪ್ಪು ರೋಗ ಹೇಳಿದೆ. ಇನ್ನೊಂದು ವಿಷಯ. ಒಂದೇ ಗೂಡು, ಒಂದೇ ಕಲಗಚ್ಚು, ಒಂದೇ ಕ್ರಿಮಿ. ಎರಡು ಒಂದೇ ದಿನಕ್ಕೆ ಸತ್ತವು, ಒಂದು ಮದ್ದಿಲ್ಲದೆ ನಿಂತಿತು. ಯಾಕೆ ಸಾರ್?'

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. 'ಸತ್ತದ್ದು ಎಷ್ಟು ಅಂತ ಬರೀರಿ. ಬದುಕಿದ್ದಕ್ಕೆ ಕಾಲಂ ಇಲ್ಲ. ತಪ್ಪಿಗೂ ಇಲ್ಲ. ಹೋಗಿ ಕೆಲಸ ನೋಡ್ರೀ.'

ಅವರು ನನ್ನನ್ನು ಉಳಿಸಿದರು ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಸ್ಪತ್ರೆಗೆ ಬಂದು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು 'ಬದುಕಿದವು' ಎಂಬ ಕಾಲಂ ನಾನೇ ಮಾಡಿದೆ. ಮೊದಲ ಹೆಸರು ಮಸಿ. ಕೆಳಗೆ ಆ ನಾಲ್ಕು ಮರಿಗಳನ್ನೂ ಬರೆದೆ, ಮುಂದಿನ ಜಾಗ ಖಾಲಿ ಬಿಟ್ಟೆ.

ಅಲ್ಲಿಂದ ಮುಂದೆ ನಾನು ಬೇಲಿಯಾಚೆ ನಿಲ್ಲಲಿಲ್ಲ. ತಿಮ್ಮಪ್ಪ ಮೊದಲ ದಿನ ಬಾಯಿ ಬಿಟ್ಟುಕೊಂಡು ನೋಡಿ, 'ಎಂತ ಸಾರ್, ನನ್ನ ಕೆಲಸಕ್ಕೇ ಕಲ್ಲು ಹಾಕ್ತೀರಾ?' ಅಂದ. ಮನೆಯಲ್ಲಿ ಅಮ್ಮ ಹಿತ್ತಿಲ ಬಚ್ಚಲಲ್ಲೇ ನನ್ನ ಬಟ್ಟೆ ಇಡಿಸತೊಡಗಿದರು. ಊರಲ್ಲಿ ದನದ ಡಾಕ್ಟ್ರು ಹೋಗಿ ಹಂದಿ ಡಾಕ್ಟ್ರು ಆದೆ. ತೋಟದವರು ದೂರವಾಗುತ್ತಾರೆಂದು ಹೆದರಿದ್ದೆ, ಕೆಲವರು ಆದರು ಕೂಡ. ಆದರೆ ಒಂದು ದಿನ ಅವರಲ್ಲೇ ಒಬ್ಬರು ಏದುಸಿರು ಬಿಡುತ್ತ ಬಂದರು. ಹಸುವಿಗೆ ಕರು ಅಡ್ಡ ಬಂದಿದೆ. 'ಈಗಷ್ಟೇ ಹಂದಿ ನೋಡಿ ಬಂದೆ' ಅಂದೆ, ಬೇಕೆಂದೇ. 'ಕೈ ತೊಳಕಂಡ್ರೆ ಸಾಕು ಮಾರಾಯ್ರೇ, ಎಂತ ದೋಷವೂ ಇಲ್ಲೆ, ಬನ್ನಿ!' ಅಂದರು. ಕಷ್ಟ ಬಂದಾಗ ಮಡಿ ಎಷ್ಟು ಬೇಗ ಒಣಗುತ್ತದೆ! ಕರು ಬದುಕಿತು. ಆಮೇಲೆ ಆ ಮನೆಯವರು ಎಂದೂ ನನ್ನ ಕೈ ಎಲ್ಲಿತ್ತು ಎಂದು ಕೇಳಲಿಲ್ಲ.

ನೋಟ್‌ಬುಕ್ಕು ನನ್ನ ಜೊತೆ ತೀರ್ಥಹಳ್ಳಿಗೂ ಬಂತು. ಪಾಲಿನ ಪದ್ಧತಿಯಿಂದ ನನಗೊಂದು ಅನುಕೂಲವಾಯಿತು. ಒಂದೇ ತಾಯಿಯ ಮಕ್ಕಳು ಎಲ್ಲೆಲ್ಲಿವೆ ಎಂದು ಸಿಸಿಲಿ ಬಾಯಿಗೆ ಬಾಯಿಪಾಠ. ಮಸಿ ವಯಸ್ಸಾದ್ದು, ಹಿಂದೆಂದೋ ಆ ಕ್ರಿಮಿಯ ಪರಿಚಯ ಆಗಿದ್ದಿರಬಹುದು, ಅದಕ್ಕೇ ತಡೆದುಕೊಂಡಿತು ಎಂದು ಮೊದಲು ಅಂದುಕೊಂಡಿದ್ದೆ. ಆದರೆ ಆಗುಂಬೆಯ ಹತ್ತಿರದ ಒಂದು ಪಾಲಿನ ಮನೆಯಲ್ಲಿ ಮಸಿಯ ಮೊಮ್ಮಕ್ಕಳು ಎರಡು, ಒಂದೇ ಸೂಲಿನ ಅಕ್ಕತಂಗಿ, ಎರಡಕ್ಕೂ ಅದೇ ಬೇನೆ ಬಂತು. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಅಕ್ಕ ಸತ್ತಿತ್ತು. ತಂಗಿ ಬೆನ್ನ ತುಂಬ ಬಿಲ್ಲೆ ಹೊತ್ತು ಹಲಸಿನ ತೊಳೆ ಮೆಲ್ಲುತ್ತಿತ್ತು. ಮತ್ತೆ ಅದೇ ಪ್ರಶ್ನೆ. ಅದರ ರಕ್ತ ತೆಗೆದು, ಐಸಿನಲ್ಲಿಟ್ಟು, ದೊಡ್ಡ ಊರಿನ ಲ್ಯಾಬಿಗೆ ಕಳಿಸಿದೆ. ಎರಡು ತಿಂಗಳ ಮೇಲೆ ಕಾಗದ ಬಂತು: 'ಮಾದರಿ ಕೊಳೆತಿದೆ.'

ಉತ್ತರದ ತುದಿ ಸಿಕ್ಕಿದ್ದು ಈಗ, ಈ ಮುದಿ ವಯಸ್ಸಿನಲ್ಲಿ. ನನ್ನ ಗೆಳೆಯನ ಮೊಮ್ಮಗಳು ಪಶುವೈದ್ಯ ಓದಿ, ಹಂದಿಗಳ ಮೇಲೇ ಸಂಶೋಧನೆ ಮಾಡುತ್ತಿದ್ದಾಳೆ. ಕಳೆದ ವರ್ಷ ಮನೆಗೆ ಬಂದವಳು ನನ್ನ ನೋಟ್‌ಬುಕ್ಕು ನೋಡಿ ಕೂತಲ್ಲೇ ಕೂತಳು. ಕ್ರಿಮಿ ಒಳಗೆ ಬಂದಾಗ ದೇಹದ ಯಾವ್ಯಾವ ಜೀನುಗಳು ಕೆಲಸ ಶುರುಮಾಡುತ್ತವೆ, ಎಷ್ಟು ಹೊತ್ತಿಗೆ, ಎಷ್ಟು ಜೋರಾಗಿ, ಅದನ್ನೇ ಅವಳು ಅಳೆಯುವುದಂತೆ. ನನಗೆ ತಿಳಿದಂತೆ ಹೇಳುತ್ತೇನೆ. ಎಲ್ಲರ ಮನೆಯ ಅಟ್ಟದ ಮೇಲೂ ಹೆಚ್ಚುಕಮ್ಮಿ ಅದೇ ಪಾತ್ರೆಗಳಿರುತ್ತವೆ. ನೆಂಟರು ದಂಡಿಯಾಗಿ ಬಂದಿಳಿದಾಗ ಕೆಲವು ಮನೆಯಲ್ಲಿ ತಕ್ಷಣ ಬೇಕಾದ ಪಾತ್ರೆ ಕೆಳಗಿಳಿಯುತ್ತದೆ, ಕೆಲಸ ಮುಗಿದ ಮೇಲೆ ಮೇಲೇರುತ್ತದೆ. ಕೆಲವು ಮನೆಯಲ್ಲಿ ತಡವಾಗುತ್ತದೆ. ಇನ್ನು ಕೆಲವು ಕಡೆ ಗಾಬರಿಯಲ್ಲಿ ಇದ್ದಬದ್ದ ಪಾತ್ರೆಯೆಲ್ಲ ದಬದಬ ಇಳಿಸಿ ಮನೆಯವರೇ ಅದರಡಿ ಸಿಕ್ಕಿ ಸಾಯುತ್ತಾರೆ. ಅಕ್ಕ ಸತ್ತು ತಂಗಿ ಉಳಿದದ್ದು ಹಾಗಿರಬಹುದು.

'ಇರಬಹುದು ಅಂದ್ರೆ? ಇನ್ನೂ ಪೂರ್ತಿ ಗೊತ್ತಾಗಿಲ್ವೇನಮ್ಮ?' ಅಂದೆ.

'ಇಲ್ಲ ಅಜ್ಜ, ಇನ್ನೂ ಹುಡುಕ್ತಾ ಇದೀವಿ.'

ನನಗೆ ಖುಷಿಯಾಯಿತು. ಅವಳು ಪುಟ ತಿರುಗಿಸಿ ಮೊದಲ ಪುಟಕ್ಕೆ ಬಂದು, 'ಈ ನಾಲ್ಕು ಮರಿಗಳ ಮುಂದೆ ಏನೂ ಬರ್ದಿಲ್ವಲ್ಲ? ಇವಕ್ಕೆ ಮದ್ದು ಕೊಟ್ಟಿದ್ರೆ ಬದುಕ್ತಿದ್ವಾ?' ಎಂದು ಕೇಳಿದಳು. ಆ ಪ್ರಶ್ನೆಗೆ ಯಾವ ಯಂತ್ರವೂ ಬೇಡ. ನಾಲ್ಕರಲ್ಲಿ ಮೂರಾದರೂ ಬದುಕುತ್ತಿದ್ದವು. ಅಷ್ಟು ಹೇಳಿ ನಾನು ನೀರು ಕುಡಿಯಲು ಒಳಗೆ ಎದ್ದುಹೋದೆ.

ಅವಳಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನನಗೆ ಬಯಲುಸೀಮೆಗೆ ವರ್ಗವಾಯಿತು. ಹೊರಡುವ ಮುಂಚೆ ಬಾಯಿಯ ಮನೆಗೆ ಹೋದೆ. ಹೆಣ್ಣುಮಕ್ಕಳಲ್ಲಿ ದೊಡ್ಡವಳಿಗೆ ಮದುವೆಯಾಗಿತ್ತು, ಚಿಕ್ಕವಳು ನರ್ಸ್ ಓದುತ್ತಿದ್ದಳು. ಮಸಿ ಇರಲಿಲ್ಲ, ಅದರ ಮಗಳ ಮಗಳು ಗೂಡಿನಲ್ಲಿತ್ತು. ಹನ್ನೆರಡು ವರ್ಷಕ್ಕೂ ಮೀರಿ ಹೊತ್ತದ್ದನ್ನು ಇಳಿಸಲೇಬೇಕಿತ್ತು. ಅಂಗಳದಲ್ಲಿ ನಿಂತೇ ಹೇಳಿದೆ.

'ಬಾಯಿ, ಅವತ್ತು ನಾನು ಸುಳ್ಳು ಹೇಳಿದ್ದೆ. ಮಸಿಗೂ ಮರಿಗಳಿಗೂ ಒಂದೇ ಕಾಯಿಲೆ. ಆ ನಾಲ್ಕನ್ನ ಸುಮ್ಮನೆ ಕೊಲ್ಲಿಸಿದೆ.'

ಬಾಯಿ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟರು. 'ನನಗೆ ಗೊತ್ತುಂಟಲ್ಲ ಡಾಕ್ಟ್ರೆ.'

'ಹೇಗೆ?'

'ಮರಿಗಳನ್ನ ಗುಂಡಿಗೆ ಇಳಿಸಿದ್ದು ನಾನೇ ಅಲ್ವಾ? ಅವುಗಳ ರಕ್ತ ನನ್ನ ಬೆರಳಿನ ಗಾಯಕ್ಕೆ ತಾಗಿತ್ತು. ನಾಕು ದಿನಕ್ಕೆ ಈ ಬೆರಳು ಊದಿ ನೇರಳೆಹಣ್ಣಾಯ್ತು.' ಬಲಗೈಯ ಹೆಬ್ಬೆರಳು ಎತ್ತಿ ತೋರಿಸಿದರು. 'ನೀವು ಬಂದ್ರಿ, ನಿಮ್ಮ ಬೆರಳಿಗೆ ಬಟ್ಟೆ. ಬಟ್ಟೆಯಾಚೆ ಕಂಡ ಚರ್ಮಕ್ಕೂ ಅದೇ ಬಣ್ಣ. ನೀವು ಮುಟ್ಟಿದ್ದು ಮಸಿಯನ್ನ, ನಾನು ಮುಟ್ಟಿ ಹೂತದ್ದು ಮರಿಗಳನ್ನ. ಎರಡು ಬೇನೆ ಹೇಗಾಗ್ತದೆ?'

ಎಡಗೈಯಲ್ಲಿ ಕೊಟ್ಟ ಕಾಫಿ ನನಗೆ ಆಗ ಅರ್ಥವಾಯಿತು. ಕೈ ಮುಚ್ಚಿಟ್ಟದ್ದು ನನ್ನ ಮೇಲಿನ ಸಿಟ್ಟಿಗಲ್ಲ, ನಾನು ನೋಡಬಾರದೆಂದು.

'ಮತ್ತೆ ಯಾಕೆ ಕೇಳಲಿಲ್ಲ ಬಾಯಿ? ಬೈಬಹುದಿತ್ತು. ಉಗೀಬಹುದಿತ್ತು.'

'ಬೈಬೇಕು ಅಂತ ಎಷ್ಟೋ ಸಲ ಬಾಯಿವರೆಗೆ ಬಂತು. ಮಕ್ಕಳ ಹಾಗೆ ಸಾಕಿದ್ದೆ' ಅಂದರು. 'ಬೈದಿದ್ರೆ ನೀವು ನಾಚಿಕೆಯಾಗಿ ವರ್ಗ ಮಾಡಿಸ್ಕೊಂಡು ಹೋಗ್ತಿದ್ರಿ. ಮುಂದೆ ಬರೂ ಡಾಕ್ಟ್ರು ಮತ್ತೆ ಬೇಲಿ ಆಚೆ ನಿಲ್ತಿದ್ರು. ನೀವು ಒಮ್ಮೆ ಒಳಗೆ ಬಂದವ್ರು. ನಮ್ಮ ಹಂದಿಗಳಿಗೆ ಅಂತ ಇದ್ದದ್ದು ನೀವೊಬ್ರೇ ಅಲ್ವಾ ಮಾರಾಯ್ರೆ?'

ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. ಬಾಯಿ ಮತ್ತೆ ಅಕ್ಕಿ ಆರಿಸತೊಡಗಿದರು. ನಾನು ಕಣ್ಣೊರೆಸಿಕೊಂಡ ಮೇಲೆ ಗೂಡಿನ ಬಾಗಿಲು ತೆರೆದರು. 'ಎರಡು ದಿನದಿಂದ ಒಂದು ಸರಿಯಾಗಿ ತಿಂತಾ ಇಲ್ಲ. ಹೋಗೂದಕ್ಕೆ ಮೊದ್ಲು ನೋಡಿ ಹೋಗಿ.'

ಚೀಲ ಕೆಳಗಿಟ್ಟು, ಒಳಗೆ ಹೋಗಿ, ಬೆನ್ನ ಮೇಲೆ ಕೈ ಇಟ್ಟೆ.